ಸಹಾಯ ಬೇಕು: ಗ್ರಂಥಿಗಳು ರಸ ಹೊರಬಿಡುವುದನ್ನು ಮಕ್ಕಳಿಗೆ ಹೇಗೆ ತೋರಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಒಬ್ಬಳು ಹುಡುಗಿ ಕೇಳಿದಳು: "ಮಿಸ್, ಹುಣಸೆಹಣ್ಣು ನೆನೆಸಿಕೊಂಡರೆ ಸಾಕು, ಬಾಯಲ್ಲಿ ನೀರು ಬರುತ್ತೆ. ಅದು ಆಚೆ ಬರುವಾಗ ಜೀವಕೋಶಕ್ಕೆ ತೂತು ಬೀಳಲ್ವಾ?" ಎಷ್ಟು ಒಳ್ಳೆಯ ಪ್ರಶ್ನೆ!

ಜೊಲ್ಲಿನ ವಿಷಯ ಹೇಳಿದೆ. ಕೋಶ ಅಮೈಲೇಸ್ (ಪಿಷ್ಟವನ್ನು ಜೀರ್ಣಿಸುವ ಕಿಣ್ವ) ತಯಾರಿಸಿ ಪುಟ್ಟ ಚೀಲಗಳಲ್ಲಿ ತುಂಬಿಡುತ್ತದೆ. ನರದಿಂದ ಸೂಚನೆ ಬಂದಾಗ ಚೀಲ ಕೋಶದ ಪೊರೆಗೆ ಅಂಟಿ ಹೊರಕ್ಕೆ ಬಾಯ್ತೆರೆಯುತ್ತದೆ. ಕೋಶಕ್ಕೆ ಏನೂ ಆಗುವುದಿಲ್ಲ. ದಿನಕ್ಕೆ 0.5ರಿಂದ 1.5 ಲೀಟರ್ ಜೊಲ್ಲು ಬರುತ್ತದೆ ಎಂದಾಗ ಇಡೀ ತರಗತಿ ಬೆರಗಾಯಿತು. ಇದನ್ನು ಸೋಪಿನ ಗುಳ್ಳೆಗಳಿಂದ ತೋರಿಸಿದೆ. ಎರಡು ಗುಳ್ಳೆ ತಾಗಿ ಒಂದಾಗುತ್ತವಲ್ಲ, ಹಾಗೆ.

ಕೂದಲ ಬುಡದ ಎಣ್ಣೆ ಗ್ರಂಥಿಯದು ಬೇರೆ ಕಥೆ. ಅಲ್ಲಿ ಕೋಶದೊಳಗೆ ಎಣ್ಣೆ ತುಂಬಿ, ಕೋಶವೇ ಒಡೆದು ರಸವಾಗುತ್ತದೆ. ಅದರ ಜಾಗಕ್ಕೆ ಹೊಸ ಕೋಶ ಬರುತ್ತದೆ. ನೀರು ತುಂಬಿದ ಬಲೂನು ಒಡೆದರೆ ಸಾಕು, ಮಕ್ಕಳಿಗೆ ಅರ್ಥವಾಗುತ್ತದೆ.

ನಾನು ಸಿಕ್ಕಿಹಾಕಿಕೊಂಡಿರುವುದು ತಾಯಿಯ ಹಾಲಿನಲ್ಲಿ. ಹಾಲಿನ ಪ್ರೋಟೀನ್ ಚೀಲದ ದಾರಿಯಲ್ಲೇ ಬರುತ್ತದೆ. ಕೊಬ್ಬಿನ ಹನಿ ಮಾತ್ರ ಕೋಶದ ಪೊರೆಯನ್ನೇ ಸುತ್ತಿಕೊಂಡು ಕಳಚಿಕೊಳ್ಳುತ್ತದೆ. ಒಂದೇ ಕೋಶ, ಎರಡು ದಾರಿ! ಇದನ್ನು ಮನೆಯಲ್ಲಿ ಸಿಗುವ ವಸ್ತುಗಳಿಂದ ಹೇಗೆ ತೋರಿಸಬಹುದು? ಗೋಧಿಹಿಟ್ಟಿನ ಕಣಕ, ಪ್ಲಾಸ್ಟಿಕ್ ಕವರ್ ಎರಡೂ ನೋಡಿದೆ, ಸರಿಹೋಗಲಿಲ್ಲ.

ಮೆರೊಕ್ರೈನ್ (ಚೀಲದ ದಾರಿ), ಅಪೊಕ್ರೈನ್ (ಪೊರೆ ಸುತ್ತಿಕೊಂಡು ಕಳಚುವ ದಾರಿ), ಹೋಲೊಕ್ರೈನ್ (ಕೋಶವೇ ಒಡೆಯುವ ದಾರಿ) ಎನ್ನುವುದಕ್ಕೆ ಮಕ್ಕಳ ಬಾಯಿಗೆ ಒಗ್ಗುವ ಕನ್ನಡ ಪದಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿ. ಸೋಮವಾರ ಮತ್ತೆ ಇದೇ ಪಾಠ ಇದೆ.