ಓದುಗರ ಸ್ಪಂದನ: ಚರ್ಚ್ ತೆರಿಗೆ ಕಟ್ಟಲೇ, ಬಿಡಲೇ?

ಕಳೆದ ಸಂಚಿಕೆಯ ಸಮಸ್ಯೆ: ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಂಗಳೂರಿನ ಕ್ಯಾಥೊಲಿಕ್ ಯುವತಿ. ನಂಬಿಕೆ ಸಡಿಲವಾಗಿದೆ, ಸಂಬಳದಲ್ಲಿ ಮಾತ್ರ ತಪ್ಪದೆ ಚರ್ಚ್ ತೆರಿಗೆ (ಜರ್ಮನಿಯಲ್ಲಿ ಚರ್ಚ್ ಸದಸ್ಯರಿಂದ ಸರ್ಕಾರವೇ ವಸೂಲಿ ಮಾಡಿ ಚರ್ಚಿಗೆ ಕೊಡುವ ತೆರಿಗೆ) ಕಡಿತವಾಗುತ್ತಿದೆ. ಸದಸ್ಯತ್ವ ಬಿಡಬೇಕೆಂದಿದ್ದಾರೆ, ಊರಿನಲ್ಲಿರುವ ತಾಯಿಗೆ ಹೇಳಲು ಅಂಜಿಕೆ.

ತಂಗೀ, ಮೊದಲು ಲೆಕ್ಕ ಮುಗಿಸಿಬಿಡೋಣ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಈ ತೆರಿಗೆ ನಿಮ್ಮ ಆದಾಯ ತೆರಿಗೆಯ ಶೇ 8, ಸಂಬಳದ ಶೇ 8 ಅಲ್ಲ. ತಿಂಗಳಿಗೆ ಸಾವಿರ ಯೂರೊ ಆದಾಯ ತೆರಿಗೆ ಕಟ್ಟುವವರಿಗೆ 80 ಯೂರೊ. ಬಿಡುವುದು ಸುಲಭ: ನೋಂದಣಿ ಕಚೇರಿಗೆ ಗುರುತಿನ ಚೀಟಿ ಒಯ್ದು ಸಹಿ ಹಾಕಿದರಾಯಿತು, ಕಾರಣ ಕೇಳುವುದಿಲ್ಲ. 2022ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಕ್ಯಾಥೊಲಿಕರು ಹೀಗೆ ಹೊರನಡೆದರು.

ಆದರೆ ಜರ್ಮನಿಯ ಬಿಷಪರು 2012ರಲ್ಲಿ ಹೊರಡಿಸಿದ ಆದೇಶವನ್ನು ಓದಿಕೊಂಡೇ ಸಹಿ ಹಾಕಿ. ಹೊರಬಂದವರಿಗೆ ಪಾಪನಿವೇದನೆ, ಪರಮಪ್ರಸಾದ ಇಲ್ಲ. ಅಕ್ಕನ ಮಗುವಿಗೆ ಧರ್ಮಮಾತೆ (ಗಾಡ್‌ಮದರ್) ಆಗುವಂತಿಲ್ಲ. ಚರ್ಚ್‌ನಲ್ಲಿ ಮದುವೆಗೆ ಬಿಷಪರ ಅನುಮತಿ ಬೇಕು. ತೆರಿಗೆ ಬಿಟ್ಟವರಿಗೆ ಪ್ರಸಾದವಿಲ್ಲ ಎನ್ನುವುದು ನನಗೆ ಅತಿರೇಕವೆನಿಸುತ್ತದೆ, ಆದರೆ ಅಲ್ಲಿನ ನಿಯಮ ಅದೇ. ಚರ್ಚ್ ನಡೆಸುವ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ನಿಮ್ಮ ಕೆಲಸವಾದರೆ ಅದಕ್ಕೂ ಸಂಚಕಾರ ಬರಬಹುದು.
— ಉಡುಪಿ ಮೂಲದ ಓದುಗ, ಸ್ಟುಟ್‌ಗಾರ್ಟ್

ನನ್ನ ಮಗನೂ ಅದೇ ದೇಶದಲ್ಲಿದ್ದಾನೆ. ಅವನು ಚರ್ಚ್ ಬಿಟ್ಟ ಸುದ್ದಿ ನನಗೆ ನಮ್ಮ ಚರ್ಚ್ ವಾರ್ಡಿನ ಗುರ್ಕಾರರ (ಮುಖಂಡರ) ಹೆಂಡತಿಯಿಂದ ತಿಳಿಯಿತು. ಬಿಟ್ಟದ್ದಕ್ಕಿಂತ ನನಗೆ ಹೇಳದಿದ್ದದ್ದೇ ಹೆಚ್ಚು ಕುಟುಕಿತು. ನಿಮ್ಮ ತಾಯಿ ಅಳಬಹುದು, ಎರಡು ದಿನ ಮಾತು ಬಿಡಬಹುದು. ಆದರೂ ಹೇಳಿ, ಫೋನಿನಲ್ಲಿ ಬೇಡ. ಮೇರಿ ಮಾತೆಯ ಜನ್ಮದಿನದ ಮೊಂತಿ ಹಬ್ಬಕ್ಕೆ ಬಂದಾಗ, ಹೊಸ ಅಕ್ಕಿಯ ಊಟವೆಲ್ಲ ಮುಗಿದ ಮೇಲೆ ಹೇಳಿ. ಊಟಕ್ಕೆ ಮುಂಚೆ ಬೇಡ! ನನ್ನ ಮಗ ಈಗಲೂ ರಜೆಗೆ ಬಂದರೆ ಸಂಜೆ ತೇರ್ಸಕ್ಕೆ (ಜಪಮಾಲೆಯ ಪ್ರಾರ್ಥನೆಗೆ) ನನ್ನ ಪಕ್ಕ ಕೂರುತ್ತಾನೆ. ತುಟಿ ಅಲ್ಲಾಡಿಸುವುದಿಲ್ಲ, ನಾನೂ ಕೇಳುವುದಿಲ್ಲ.
— ಒಬ್ಬ ತಾಯಿ, ಮಂಗಳೂರು

ಪತ್ರವನ್ನು ಎರಡು ಸಲ ಓದಿದರೂ ನಿಮಗೆ ಬೇಡವಾಗಿರುವುದು ದೇವರೋ ತೆರಿಗೆಯೋ ತಿಳಿಯಲಿಲ್ಲ. ಈ ಕಡಿತವೇ ಇರದಿದ್ದರೆ ಸದಸ್ಯತ್ವದ ಯೋಚನೆ ಬರುತ್ತಿತ್ತೇ? ಬರುತ್ತಿರಲಿಲ್ಲವೆಂದಾದರೆ ಒಂದು ವರ್ಷ ಸುಮ್ಮನಿರಿ. ಕಟ್ಟಿದ್ದನ್ನು ವಾರ್ಷಿಕ ತೆರಿಗೆ ವಿವರದಲ್ಲಿ ತೋರಿಸಿ, ಒಂದಿಷ್ಟು ಉಳಿಯುತ್ತದೆ. ನಂಬಿಕೆಯೇ ಹೋಗಿದೆ ಎಂದಾದರೆ ಅಳುಕದೆ ಬಿಡಿ. ಸಹಿ ಹಾಕಿದಾಗ ಕೊಡುವ ಪ್ರಮಾಣಪತ್ರವನ್ನು ಮಾತ್ರ ಜೋಪಾನವಾಗಿಡಿ. ವರ್ಷಗಳ ನಂತರವೂ ಅದನ್ನು ಕೇಳುವುದುಂಟು, ತೋರಿಸಲಾಗದಿದ್ದರೆ ತೆರಿಗೆ ಮತ್ತೆ ಗಂಟುಬೀಳಬಹುದು.
— ನಿವೃತ್ತ ಲೆಕ್ಕಪರಿಶೋಧಕ, ಬೆಂಗಳೂರು