ಕಾಕಾನ ಟ್ರಂಕಿನಲ್ಲಿ ಬಿಎಂಎಕ್ಸ್ ಸ್ಟಿಕರ್ ಸಿಕ್ಕಿವೆ, ಏನು ಮಾಡಲಿ?

ಕೇಳಿದವರು, ಬಾಗಲಕೋಟೆ ನವನಗರ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಎಂಬತ್ತರ ದಶಕದಲ್ಲಿ ಕುವೈತ್‌ನಲ್ಲಿ ಕೆಲಸಕ್ಕಿದ್ದರು. ಒಮ್ಮೆ ರಜೆಗೆ ಬಂದಾಗ ಮಗನಿಗೆ ಅಂತ 20 ಇಂಚಿನ ಚಕ್ರದ ಬಿಎಂಎಕ್ಸ್ ಸೈಕಲ್ (ಮಣ್ಣಿನ ದಿಬ್ಬದ ಮೇಲೆ ಹಾರಿಸುವ ಸಣ್ಣ ರೇಸ್ ಸೈಕಲ್) ತಂದಿದ್ದರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಡುವಾಗ ಸೈಕಲ್ ಮೋಡಕಾ ಅಂಗಡಿ ಸೇರಿತು. ಟ್ರಂಕು ಮಾತ್ರ ಉಳಿಯಿತು. ಹೋದ ವಾರ ಅದನ್ನು ತೆಗೆದರೆ ಒಳಗೆ ಹದಿನೆಂಟು ಸ್ಟಿಕರ್! ಮಂಗೂಸ್, ರೆಡ್‌ಲೈನ್, ಹಾರೋ, ಕುವಾಹಾರಾ, ಎಲ್ಲ ಬಿಎಂಎಕ್ಸ್ ಕಂಪನಿಗಳ ಹೆಸರು. ಹ್ಯಾಂಡಲ್ ಮುಂದೆ ಕಟ್ಟುವ ಪ್ಲಾಸ್ಟಿಕ್ ನಂಬರ್ ಪ್ಲೇಟ್ ಒಂದು, ಅದರ ಮೇಲೆ 31 ಅಂತ ಇದೆ. ಪೈಪಿಗೆ ಸುತ್ತುವ ಮೆತ್ತೆ ಮೂರು.

ಇವು ಅಸಲಿನಾ? ಹೇಗೆ ಇಡಬೇಕು? ಇಂಥವನ್ನು ಇಲ್ಲೇ ಕೂತು ಇನ್ನಷ್ಟು ಕೂಡಿಸಬಹುದಾ? ಪರಿಚಯದವರೊಬ್ಬರು ಎಲ್ಲ ಸೇರಿಸಿ ಎರಡು ಸಾವಿರ ಕೊಡ್ತೀನಿ ಅಂತಿದ್ದಾರೆ. ಕೊಡಲಾ?

ಬೆಳಗಾವಿ, ಟಿಳಕವಾಡಿಯಿಂದ:

ಕೊಡಬೇಡಿ. ಈ ತಿಂಗಳಂತೂ ಬೇಡ. ಏನಿದೆ ಅಂತ ನಿಮಗೇ ಗೊತ್ತಾಗುವ ಮುಂಚೆ ಮಾರಿದರೆ ಆಮೇಲೆ ಹೊಟ್ಟೆ ಉರಿಯುತ್ತದೆ. ನನಗೆ ಉರಿದಿದೆ.

ನಾನು ಹನ್ನೊಂದು ವರ್ಷದಿಂದ ಈ ಚಟಕ್ಕೆ ಬಿದ್ದವನು. ಮೊದಲು ಮಾಡಬಾರದ್ದು ಹೇಳ್ತೀನಿ. ಲ್ಯಾಮಿನೇಶನ್ ಮಾಡಿಸಬೇಡಿ. ನನ್ನ ಮೊದಲ ಆರು ಸ್ಟಿಕರ್‌ಗಳನ್ನು ಒಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದೆ. ಭಾಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಯಂತ್ರದ ಬಿಸಿಗೆ ಸ್ಟಿಕರ್‌ನ ಪ್ಲಾಸ್ಟಿಕ್, ಅಂದರೆ ವಿನೈಲ್, ಗುಳ್ಳೆ ಎದ್ದು ಹಪ್ಪಳ ಆಯಿತು. ಮೆತ್ತನೆಯ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮೂ ಬೇಡ. ಹೊಸ ರೇನ್‌ಕೋಟಿನ ವಾಸನೆ ಬರುತ್ತದಲ್ಲ, ಅದು ಪಿವಿಸಿ. ಅದರೊಳಗಿನ ಎಣ್ಣೆಯಂಥ ಪದಾರ್ಥ ಮೆಲ್ಲಗೆ ಹೊರಬಂದು ಸ್ಟಿಕರ್‌ನ ಬಣ್ಣಕ್ಕೆ ಹತ್ತುತ್ತದೆ. ಕೆಲವು ವರ್ಷ ಬಿಟ್ಟು ತೆಗೆಯಲು ಹೋದರೆ ಅರ್ಧ ಬಣ್ಣ ಹಾಳೆಯಲ್ಲೇ ಉಳಿಯುತ್ತದೆ. ಹೊಸ ಅಂಗಿ ಹಾಕಿ ಕೊಡುತ್ತಾರಲ್ಲ, ಚರಚರ ಸದ್ದು ಮಾಡುವ ತೆಳು ಪಾರದರ್ಶಕ ಕವರು, ಅಂಥ ಪಾಲಿಪ್ರೊಪಿಲೀನ್ ಕವರು ತಗೊಳ್ಳಿ. ಒಂದಕ್ಕೆ ಒಂದೇ ಸ್ಟಿಕರ್. ಹಿಂದೆ ಬಿಳಿ ಡ್ರಾಯಿಂಗ್ ಹಾಳೆ ಇಡಿ. ಪೇಪರ್‌ನಲ್ಲಿ ಸುತ್ತಬೇಡಿ, ನ್ಯೂಸ್‌ಪ್ರಿಂಟ್ ತಾನೂ ಹಳದಿಯಾಗಿ ಪಕ್ಕದ್ದನ್ನೂ ಹಳದಿ ಮಾಡುತ್ತದೆ. ಡಾಂಬರ ಗುಳಿಗೆಯನ್ನು ಪ್ಲಾಸ್ಟಿಕ್ ಸಾಮಾನಿನ ಹತ್ತಿರ ಸೇರಿಸಬೇಡಿ.

ಅಸಲಿ ಯಾವುದು ಅಂತ ನೋಡಲು ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚಿಕೊಳ್ಳುವ ಭೂತಗನ್ನಡಿ ಸಾಕು. ಆಗಿನ ಹೆಚ್ಚಿನ ಸ್ಟಿಕರ್‌ಗಳು ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿ ಮೂಲಕ ಒಂದೊಂದೇ ಬಣ್ಣ ಒತ್ತಿದವು. ಬಣ್ಣ ಒಂದೇ ಸಮ ಗಟ್ಟಿಯಾಗಿರುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಕೂತ ಕಡೆ ಬೆರಳಿಗೆ ಸಣ್ಣ ಅಂಚು ಸಿಗುತ್ತದೆ. ಈಗಿನ ಡಿಜಿಟಲ್ ಪ್ರಿಂಟ್‌ನಲ್ಲಿ ಕಿತ್ತಳೆ ಬಣ್ಣ ಕಂಡ ಜಾಗದಲ್ಲಿ ಹಳದಿ, ಗುಲಾಬಿ ಚುಕ್ಕೆಗಳು ಇರುತ್ತವೆ. ಮೂಲೆಯಲ್ಲೆಲ್ಲೋ ವೆಬ್ ವಿಳಾಸ ಇದ್ದರೆ ಎಂಬತ್ತರ ದಶಕದ್ದು ಅಲ್ಲವೇ ಅಲ್ಲ. ನಗಬೇಡಿ, ನಾನು ಅದನ್ನೂ ಕೊಂಡಿದ್ದೇನೆ.

ಯಾವ ಹೆಸರು ಯಾವಾಗ ಹುಟ್ಟಿತು ಅಂತ ತಿಳಿದಿದ್ದರೂ ಉಪಯೋಗ. ಬಿಎಂಎಕ್ಸ್ ಆಟ ಎಪ್ಪತ್ತರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಹುಡುಗರಿಂದ ಬೆಳೆದದ್ದು. ಮೋಟರ್‌ಸೈಕಲ್ ರೇಸ್ ನೋಡಿ ಸಣ್ಣ ಸೈಕಲ್ಲನ್ನು ಮಣ್ಣಿನ ದಿಬ್ಬದ ಮೇಲೆ ಹಾರಿಸುತ್ತಿದ್ದರು. ಮಂಗೂಸ್ ಹೆಸರು ಮಾಡಿದ್ದು ಆ ದಶಕದ ನಡುವೆ, ಮೋಟೋಮ್ಯಾಗ್ ಅನ್ನುವ ಎರಕದ ಚಕ್ರದಿಂದ. ಹಾರೋ ಕಂಪನಿಯ ಬಾಬ್ ಹಾರೋ ನಂಬರ್ ಪ್ಲೇಟ್ ಮಾಡಲು ಶುರು ಮಾಡಿದ್ದು ಆ ದಶಕದ ಎರಡನೇ ಅರ್ಧದಲ್ಲಿ. ಹಾರೋ ಪ್ಲೇಟನ್ನು 1975ರದ್ದು ಅಂತ ಯಾರಾದರೂ ಮಾರಲು ಬಂದರೆ ಚಹಾ ಕುಡಿಸಿ ಕಳಿಸಿ. ಜಿಟಿ ಕಂಪನಿ ಶುರುವಾಗಿದ್ದು 1979ರಲ್ಲಿ. ಕುವಾಹಾರಾ ಜಪಾನಿನ ಒಸಾಕಾದ್ದು.

ಮೆತ್ತೆ ಮೂರೂ ಇವೆ ಅಂದಿರಲ್ಲ, ಅದು ನನಗೆ ಸ್ಟಿಕರ್‌ಗಿಂತ ಜಾಸ್ತಿ ಖುಷಿಯ ಸುದ್ದಿ. ಹ್ಯಾಂಡಲ್ ಅಡ್ಡಪಟ್ಟಿಗೆ ಒಂದು, ಅದರ ಬುಡದ ಸ್ಟೆಮ್‌ಗೆ ಒಂದು, ಮೇಲಿನ ಪೈಪಿಗೆ ಒಂದು. ಬಿದ್ದಾಗ ಹಲ್ಲು ಉಳಿಯಲಿ ಅಂತ. ಸಾಮಾನ್ಯವಾಗಿ ಒಂದು ಕಳೆದೇ ಹೋಗಿರುತ್ತದೆ. ಒಳಗಿನ ಸ್ಪಂಜು ಪುಡಿಯಾಗುತ್ತಿದ್ದರೆ ಅದನ್ನು ತೆಗೆದುಬಿಡಿ, ಬಟ್ಟೆ ಮಾತ್ರ ಇಡಿ.

ವಿಜಯಪುರದಿಂದ, ಸೈಕಲ್ ಅಂಗಡಿಯವರ ಮಗ:

ಮೇಲಿನ ಅಣ್ಣಾರು ಬೆಳಗಾವಿಯ ತಂಪಿನಲ್ಲಿ ಕೂತು ಹೇಳಿದ್ದಾರೆ. ನಮ್ಮ ಕಡೆ ಬಿಸಿಲೇ ದೊಡ್ಡ ಶತ್ರು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಟ್ರಂಕಿನಲ್ಲಿ ಇನ್ನೂ ಜಾಸ್ತಿ. ಸ್ಟಿಕರ್‌ನ ಅಂಟು ಕರಗಿ ಬದಿಯಿಂದ ಹೊರಗೆ ಬರುತ್ತದೆ, ಆಮೇಲೆ ಒಂದಕ್ಕೊಂದು ಹತ್ತುತ್ತವೆ. ನಡುಮನೆಯ ಕಪಾಟಿನ ಕೆಳಗಿನ ಅರೆ ಒಳ್ಳೆಯದು. ಫ್ರೇಮ್ ಹಾಕಿ ಗೋಡೆಗೆ ತೂಗಿಸುವ ಆಸೆ ಇದ್ದರೆ ಜೆರಾಕ್ಸ್ ತೂಗಿಸಿ.

ಈಗ ನನ್ನ ಮಾತು. ಸಂಗ್ರಹ ಬೆಳೆಸೋದಾದರೆ ಅಮೆರಿಕದ ಸಾಮಾನಿನ ಹಿಂದೆ ಯಾಕೆ ಓಡಬೇಕು? ವಿಜಯಪುರ, ಬಾಗಲಕೋಟೆ ಹುಡುಗರು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಹೋಗಿ ಬಂದವರು. ಜಾತ್ರೆಗೆ ಸೈಕಲ್ ಶರ್ಯತ್ತು ಇಟ್ಟ ಊರು ಎಷ್ಟಿಲ್ಲ? ಆ ಶರ್ಯತ್ತಿನ ಕರಪತ್ರ, ಬೆನ್ನಿನ ನಂಬರ್ ಬಟ್ಟೆ, ಗೆದ್ದ ಢಾಲು, ಇವನ್ನು ಯಾರೂ ಕೂಡಿಸುತ್ತಿಲ್ಲ. ಮನೆ ಬಣ್ಣ ಬಳಿಯುವಾಗ ಗುಜರಿಗೆ ಹೋಗುತ್ತವೆ.

ಹಳೇ ಪಂಕ್ಚರ್ ಅಂಗಡಿಗಳನ್ನು ಸುತ್ತಿ. ಹ್ಯಾಂಡಲ್ ಕೆಳಗೆ ಮುಂಭಾಗಕ್ಕೆ ಹೊಡೆಯುವ ತಗಡಿನ ಬ್ಯಾಡ್ಜು ಡಬ್ಬಿಗಟ್ಟಲೆ ಬಿದ್ದಿರುತ್ತವೆ. ಭೂಮಿ ಹೊತ್ತ ಅಟ್ಲಾಸ್, ಕೊಕ್ಕರೆ ತಲೆಯ ರ‍್ಯಾಲಿ, ಮೂರು ಬಂದೂಕು ಒರಗಿಸಿಟ್ಟ ಬಿಎಸ್ಎ. ಬಿಎಸ್ಎ ಮೂಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕಂಪನಿ, ಅದಕ್ಕೇ ಆ ಗುರುತು. ಅಟ್ಲಾಸ್‌ನವರು ಸೋನಿಪತ್‌ನಲ್ಲಿ ಶುರು ಮಾಡಿದ್ದು 1951ರಲ್ಲಿ. 2020ರ ಜೂನ್‌ನಲ್ಲಿ ಸಾಹಿಬಾಬಾದ್ ಕಾರ್ಖಾನೆ ನಿಂತ ಮೇಲೆ ನಮ್ಮ ಅಪ್ಪ ಅಟ್ಲಾಸ್ ಬ್ಯಾಡ್ಜನ್ನು ಗುಜರಿಗೆ ಹಾಕೋದು ಬಿಟ್ಟರು.

ಒಂದು ಎಚ್ಚರಿಕೆ. ಹಳೇ ಕರಿ ಸೈಕಲ್‌ಗಳ ಮೇಲಿನ ಬಂಗಾರದ ಅಕ್ಷರ ಸ್ಟಿಕರ್ ಅಲ್ಲ. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಟ್ರಾನ್ಸ್‌ಫರ್. ಕೀಳಲು ಹೋದರೆ ಪುಡಿಯಾಗುತ್ತದೆ. ಅದು ಬೇಕಂದರೆ ಸೈಕಲ್ಲನ್ನೇ ಕೊಳ್ಳಬೇಕು. ವಿನೈಲ್ ಸ್ಟಿಕರ್ ಆದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಮೆಲ್ಲಗೆ ಬಿಸಿ ಮಾಡಿ, ಗಾಳದ ದಾರವನ್ನು ಅಡಿಗೆ ತೂರಿಸಿ ಗರಗಸದ ಹಾಗೆ ಆಡಿಸಿ. ಪೈಪಿನ ಮೇಲೆ ಉಳಿದ ಅಂಟಿಗೆ ಸೀಮೆಎಣ್ಣೆ. ಥಿನ್ನರ್ ಮುಟ್ಟಬೇಡಿ, ಪೇಂಟೂ ಹೋಗುತ್ತದೆ.

ಜಮಖಂಡಿಯಿಂದ ಒಬ್ಬ ಅಕ್ಕ:

ನಂಬರ್ ಬಟ್ಟೆ ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನಮ್ಮ ಅಪ್ಪ ಮದುವೆಗೆ ಮುಂಚೆ ಶರ್ಯತ್ತಿಗೆ ಹೋಗುತ್ತಿದ್ದರು. ಅವರು ಗೆದ್ದ ಸಲದ ಬಟ್ಟೆಯನ್ನು ಅವ್ವ ಬಹಳ ವರ್ಷ ಲ್ಯಾಂಪಿನ ಗಾಜು ಒರೆಸಲು ಇಟ್ಟುಕೊಂಡಿದ್ದಳು. ಈಗ ನನ್ನ ಹತ್ತಿರ ಇದೆ. ನಂಬರ್ 12 ಇರಬಹುದು, 72 ಇರಬಹುದು. ಯಾವ ಊರು, ಯಾವ ವರ್ಷ, ಯಾರಿಗೂ ಗೊತ್ತಿಲ್ಲ. ಅಪ್ಪ ಇದ್ದಾಗ ನಾನು ಕೇಳಲಿಲ್ಲ.

ನಿಮ್ಮ ಕಾಕಾ ಇದ್ದಾರಲ್ವಾ? ಇವತ್ತೇ ಫೋನ್ ಮಾಡಿ. ಯಾವ ಅಂಗಡಿ, ಎಷ್ಟು ಕೊಟ್ಟರು, 31 ಯಾಕೆ, ಎಲ್ಲ ಕೇಳಿ. ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಕವರಿನಲ್ಲಿ ಹಾಕಿ. ಬಾಲ್‌ಪೆನ್ ಶಾಯಿ ಮುಂದೆ ಹರಡುತ್ತದೆ.

ಬೆಳಗಾವಿ, ಶಹಾಪುರದಿಂದ:

ನನ್ನದು ಉಲ್ಟಾ ಅಭಿಪ್ರಾಯ. ಸ್ಟಿಕರ್ ಇರೋದೇ ಅಂಟಿಸೋಕೆ. ಸುಮ್ನೆ ಕಪಾಟಿನಲ್ಲಿ ಕೊಳೆಸೋದು ಯಾಕೆ? ನಾನು ನನ್ನ ಹುಡುಗನ ಸೈಕಲ್‌ಗೆ ಎರಡು ಅಂಟಿಸಿದೆ. ಅವನ ಗೆಳೆಯರು ಮುತ್ತಿಕೊಂಡರು.

ಬೆಳಗಾವಿ, ಟಿಳಕವಾಡಿಯಿಂದ:

ಸಾಹೇಬರೇ, ನಲವತ್ತು ವರ್ಷದ ಅಂಟು ಒಂದು ಮಳೆಗಾಲ ತಡೆಯಲ್ಲ. ನಮ್ಮೂರ ಮಳೆಯಂತೂ ಕೇಳಬೇಡಿ. ಅಂಟಿಸಲು ಈಗ ಹೊಸದಾಗಿ ಅದೇ ಡಿಸೈನಿನ ನಕಲು ಸಿಗುತ್ತವೆ. ನಕಲು ಅಂತ ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಹೇಳದೆ ಮಾರುವವರೇ ತೊಂದರೆ. ಆನ್‌ಲೈನ್‌ನಲ್ಲಿ ಒಬ್ಬರಿಂದ ರೆಡ್‌ಲೈನ್ ಸೆಟ್ ತರಿಸಿದೆ, ಅಂಚೆ ಖರ್ಚು ಸೇರಿ 2,800 ರೂಪಾಯಿ. ಬಂದದ್ದು ಮೊನ್ನೆ ಮೊನ್ನೆ ಪ್ರಿಂಟ್ ಹಾಕಿದ್ದು. ಈಗ ಹಿಂಬದಿಯ ಕಾಗದದ ಫೋಟೋ, ಬಿಸಿಲಿಗೆ ಓರೆಯಾಗಿ ಹಿಡಿದ ಫೋಟೋ, ಎರಡೂ ಕಳಿಸದವರಿಗೆ ದುಡ್ಡು ಕಳಿಸೋದಿಲ್ಲ. ಸ್ಟಿಕರ್ ಕಳಿಸುವಾಗ ಎರಡು ರಟ್ಟಿನ ನಡುವೆ ಇಡಲು ಹೇಳಿ. ಮಡಿಕೆ ಬಿದ್ದರೆ ಹೋಗೋದಿಲ್ಲ.

ಬೆಲೆ ಬಗ್ಗೆ: ಹದಿನೆಂಟನ್ನೂ ಒಟ್ಟಿಗೆ ತೂಕಕ್ಕೆ ಹಾಕಿದ ಹಾಗೆ ಮಾರಬೇಡಿ. ಮಾರಲೇಬೇಕಾದರೆ ಒಂದೊಂದೇ, ಹೆಸರು ಹಿಡಿದು.

ಕೇಳಿದವರು, ಬಾಗಲಕೋಟೆ ನವನಗರ:

ಎಲ್ಲರಿಗೂ ಧನ್ಯವಾದ. ಗಡಿಯಾರದವರ ಭೂತಗನ್ನಡಿ ತಂದು ನೋಡಿದೆ. ಹದಿನಾಲ್ಕರಲ್ಲಿ ಚುಕ್ಕೆ ಇಲ್ಲ, ಬೆರಳಿಗೆ ಅಂಚೂ ಸಿಗುತ್ತದೆ. ನಾಲ್ಕರಲ್ಲಿ ಚುಕ್ಕೆ ಇವೆ. ಅವು ಕಾಕಾನ ಮಗ ಆಮೇಲೆ ಪತ್ರಿಕೆಯಿಂದ ಕತ್ತರಿಸಿ ಫೆವಿಕಾಲ್ ಹಚ್ಚಿದ ಚಿತ್ರಗಳಂತೆ! ಅವನ್ನೂ ಇಟ್ಟಿದ್ದೇನೆ.

ಕಾಕಾಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಬಿಡಲಿಲ್ಲ. ನಾನು 31 ಅಂದರೆ ಯಾವನೋ ರೇಸರ್‌ನ ನಂಬರ್ ಅಂದುಕೊಂಡಿದ್ದೆ. ಅಲ್ಲವಂತೆ. ಪ್ಲೇಟ್ ಖಾಲಿ ಬಂದಿತ್ತು, ಹುಡುಗ ನಮ್ಮ ಹಳೇ ಮನೆಯ ನಂಬರ್ ಅಂಟಿಸಿಕೊಂಡಿದ್ದ. ಆ ಮನೆ ಈಗ ನೀರಿನಲ್ಲಿದೆ. ಜಮಖಂಡಿ ಅಕ್ಕಾರು ಹೇಳಿದಂತೆ ಪೆನ್ಸಿಲ್‌ನಲ್ಲೇ ಬರೆದಿಟ್ಟೆ. ಎರಡು ಸಾವಿರದವರಿಗೆ ಇಲ್ಲ ಅಂದೆ.

ರೆಡ್‌ಲೈನ್ ಮೂರು ಒಂದೇ ತರದವು ಇವೆ. ಟಿಳಕವಾಡಿ ಅಣ್ಣಾರೇ, ಒಂದು ನಿಮಗೆ. ಬದಲಿಗೆ ಏನು ಕೊಡ್ತೀರಿ?

ಬೆಳಗಾವಿ, ಟಿಳಕವಾಡಿಯಿಂದ:

ಅಟ್ಲಾಸ್ ಬ್ಯಾಡ್ಜ್ ಒಂದು ಹೆಚ್ಚಿಗೆ ಇದೆ. ಭೂಮಿ ಸ್ವಲ್ಪ ಚಪ್ಪಟೆಯಾಗಿದೆ, ಮೊದಲೇ ಹೇಳ್ತೀನಿ.