ಬೂದು ತೋಳ ರಾಜನನ್ನು ನುಂಗುವುದನ್ನು ಹೇಗೆ ಓದಬೇಕು?

ಪ್ರಶ್ನೆ (ಉಡುಪಿ):
ಬೆಸಿಲ್ ವ್ಯಾಲೆಂಟೈನ್ ಎಂಬ ಹೆಸರಿನಲ್ಲಿ 1599ರಲ್ಲಿ ಅಚ್ಚಾದ ರಸವಿದ್ಯೆಯ ಬರಹವನ್ನು ಓದುತ್ತಿದ್ದೇನೆ. ರಾಜನ ದೇಹವನ್ನು ಹಸಿದ ಬೂದು ತೋಳಕ್ಕೆ ಹಾಕಬೇಕು, ಅದು ನುಂಗಿದ ಮೇಲೆ ತೋಳವನ್ನೇ ದೊಡ್ಡ ಬೆಂಕಿಯಲ್ಲಿ ಸುಡಬೇಕು, ಹೀಗೆ ಮೂರು ಸಲ ಮಾಡಬೇಕು ಎಂದು ಅದರ ಮೊದಲ ‘ಕೀಲಿ’, ಅಂದರೆ ಮೊದಲ ಅಧ್ಯಾಯ, ಹೇಳುತ್ತದೆ. ತೋಳವೆಂದರೆ ಆಂಟಿಮನಿ ಎಂಬ ಖನಿಜವಂತೆ. ಇದು ಆತ್ಮಶುದ್ಧಿಯ ರೂಪಕವೇ, ಕುಲುಮೆಯ ಕೆಲಸವೇ? ಇಂಥ ಬರಹಗಳ ‘ಗಂಧಕ’ವೂ ನಮ್ಮ ಮದ್ದಿನಂಗಡಿಯ ಗಂಧಕವೇ?

ಉತ್ತರ 1 (ಮಂಗಳೂರು, ರಸಾಯನಶಾಸ್ತ್ರ ಅಧ್ಯಾಪಕ):
ಮೊದಲು ಕುಲುಮೆಯ ಕೆಲಸವೆಂದೇ ಓದಿ; ಇಲ್ಲಿ ರಾಜನೆಂದರೆ ಚಿನ್ನ. ಆ ಕಾಲದವರು ಆಂಟಿಮನಿ ಎಂದಾಗ ಸಾಮಾನ್ಯವಾಗಿ ಲೋಹವನ್ನಲ್ಲ, ಬೂದು ಬಣ್ಣದಲ್ಲಿ ಹೊಳೆಯುವ ಅದರ ಅದಿರನ್ನು, ಅಂದರೆ ಗಂಧಕದೊಡನೆ ಕೂಡಿದ ಸ್ಟಿಬ್ನೈಟನ್ನು ಹೇಳುತ್ತಿದ್ದರು. ಇದನ್ನು ಮರೆತರೆ ಮುಂದಿನ ಪುಟಗಳೆಲ್ಲ ದಾರಿ ತಪ್ಪುತ್ತವೆ. ಬೆರಕೆ ಚಿನ್ನವನ್ನು ಈ ಅದಿರಿನೊಡನೆ ಮೂಸೆಯಲ್ಲಿ ಕರಗಿಸಿದರೆ ಬೆಳ್ಳಿ, ತಾಮ್ರಗಳು ಗಂಧಕವನ್ನು ಸೆಳೆದುಕೊಂಡು ಕಿಟ್ಟವಾಗಿ ಮೇಲೆ ನಿಲ್ಲುತ್ತವೆ, ಚಿನ್ನವು ಬಿಡುಗಡೆಯಾದ ಆಂಟಿಮನಿಯೊಡನೆ ಬೆರೆತು ತಳಕ್ಕಿಳಿಯುತ್ತದೆ. ಆ ಗಟ್ಟಿಯನ್ನು ಗಾಳಿಯೂದುತ್ತ ಜೋರಾಗಿ ಕಾಯಿಸಿದಾಗ ಆಂಟಿಮನಿ ಬಿಳಿ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಒಂದೇ ಸಲಕ್ಕೆ ಬೆರಕೆಯೆಲ್ಲ ಹೋಗದ್ದರಿಂದ ಮೂರು ಸಲ. (ಹೊಗೆ ವಿಷಕಾರಿ; ಮನೆಯಲ್ಲಿ ಪರೀಕ್ಷಿಸುವ ಯೋಚನೆ ಬೇಡ.) ಕಾರ್‌ಸ್ಟ್ರೀಟಿನ ಪರಿಚಿತ ಆಚಾರಿಯೊಬ್ಬರಿಗೆ ಈ ಕಥೆ ಹೇಳಿದಾಗ ಅವರು ರಾಜನ ಗೋಜಿಗೇ ಹೋಗಲಿಲ್ಲ, “ಬೆಳ್ಳಿ ಕಿಟ್ಟದಲ್ಲಿ ಹೋಯಿತಲ್ಲ ಮಾರಾಯ್ರೆ, ಅದನ್ನು ವಾಪಸ್ ತೆಗೆಯುವುದು ಹೇಗೆ?” ಎಂದರು.

ಉತ್ತರ 2 (ಉಡುಪಿ, ರಸಶಾಸ್ತ್ರದ ವಿದ್ಯಾರ್ಥಿನಿ):
ತೋಳದ ಮಟ್ಟಿಗೆ ಒಪ್ಪುತ್ತೇನೆ, ಆದರೆ ಗಂಧಕವನ್ನು ಅಷ್ಟು ನೇರವಾಗಿ ಓದಲಾಗದು. 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಗಂಧಕ, ಪಾದರಸ, ಉಪ್ಪು ಎಂಬ ಮೂರನ್ನು ಎಲ್ಲ ವಸ್ತುಗಳಲ್ಲಿಯೂ ಇರುವ ತತ್ತ್ವಗಳೆಂದು ಎಣಿಸಿದ: ಕಟ್ಟಿಗೆ ಉರಿದಾಗ ಜ್ವಾಲೆಯಾಗುವುದು ಗಂಧಕ, ಹೊಗೆಯಾಗಿ ಏರುವುದು ಪಾದರಸ, ಬೂದಿಯಾಗಿ ಉಳಿಯುವುದು ಉಪ್ಪು. ಇವನ್ನು ವಾತ, ಪಿತ್ತ, ಕಫಗಳಿಗೆ ಸರಿಹೊಂದಿಸುವ ಆಸೆ ನಮಗೆ ಬರುತ್ತದೆ, ಅದು ಬೇಡ. ನಮ್ಮ ಆಯುರ್ವೇದದ ಕಜ್ಜಲಿ ಎಂಬ ಕಪ್ಪು ಪುಡಿಯಲ್ಲಿ ಪಾರದ (ಪಾದರಸ), ಗಂಧಕಗಳು ಕಲ್ವದಲ್ಲಿ (ಅರೆಯುವ ಕಲ್ಲಿನಲ್ಲಿ) ಕಣ್ಣೆದುರೇ ಕಪ್ಪಾಗುವ ದ್ರವ್ಯಗಳು, ತತ್ತ್ವದ ಹೆಸರುಗಳಲ್ಲ.

ಉತ್ತರ 3 (ಮಣಿಪಾಲ):
ಹಳೆಯ ವಿಧಾನ ಫಲಿಸದಿದ್ದರೆ ಅದನ್ನು ಬರಿಯ ಸಂಕೇತವೆನ್ನುವ ಮೊದಲು ಅದಿರು ಎಲ್ಲಿಯದೆಂದು ನೋಡಬೇಕು. ಆಂಟಿಮನಿಯ ಹಳದಿ ಗಾಜು ಶುದ್ಧ ಅದಿರಿನಿಂದ ಬರಲಿಲ್ಲವೆಂದೂ, ಸಿಲಿಕಾ (ಮರಳಿನಲ್ಲಿರುವ ದ್ರವ್ಯ) ಬೆರೆತಿದ್ದ ಪೂರ್ವ ಯೂರೋಪಿನ ಅದಿರಿನಿಂದ ಬಂತೆಂದೂ ಇತಿಹಾಸಕಾರ ಲಾರೆನ್ಸ್ ಪ್ರಿನ್ಸಿಪೆ ಪ್ರಯೋಗದಿಂದಲೇ ತೋರಿಸಿದ್ದಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪುಟದ ಅಂಚಿನಲ್ಲಿ ತೋಳದ ಎದುರು ‘ಅಹಂಕಾರ’ ಎಂದು ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿ ‘ಸ್ಟಿಬ್ನೈಟ್’ ಎಂದು ಬರೆದಿದ್ದೇನೆ. ಗಂಧಕದ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಗೆಯೇ ಇದೆ.